ನೀರಿಗಿಂತ ಮೊದಲು ಬಾತ್‌ರೂಮ್ ಕೇಳುತ್ತಿದ್ದ ಪಿಳ್ಳಣ್ಣ

ಯಾರ ಮನೆಗೆ ಹೋದರೂ ಪಿಳ್ಳಣ್ಣ ಕೂರುವ ಮೊದಲೇ, "ಬಾತ್‌ರೂಮ್ ಎಲ್ಲೈತಮ್ಮ?" ಎಂದು ಕೇಳುತ್ತಿದ್ದರು. ಹೋಗಿ ಚಿಲಕ ಹಾಕಿ ತೆಗೆದು, ನಲ್ಲಿ ತಿರುಗಿಸಿ ನೋಡಿ, ಬಂದು ಕೂರುತ್ತಿದ್ದರು. ಮನೆ ಕಟ್ಟಿಸುವವರಲ್ಲವೇ, ಕೆಲಸ ಹೇಗಿದೆ ಅಂತ ನೋಡುತ್ತಾರೆ ಎಂದುಕೊಳ್ಳುತ್ತಿದ್ದರು ಜನ. ನಾನೂ ಹಾಗೇ ಅಂದುಕೊಂಡಿದ್ದೆ.

ಬ್ಯಾಟರಾಯನಪುರದ ಹಳೇ ಒಕ್ಕಲು ಮನೆತನ ಅವರದು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆಗಳನ್ನು ಎಬ್ಬಿಸಿದ್ದರು. ಬಿಳಿ ಪಂಚೆ, ಜೇಬಿನಲ್ಲಿ ಯಾವಾಗಲೂ ಜೀರಿಗೆ ಪೊಟ್ಟಣ.

ನಾನು ಮಂಜ, ಸೈಟು ಬ್ರೋಕರ್. ಕೈಯಲ್ಲಿ ಏನೂ ಇಲ್ಲದೆ ಶುರು ಮಾಡಿದವನು, ಬಾಯೇ ಬಂಡವಾಳ. ನಮ್ಮ ಕಸುಬಿನಲ್ಲಿ ರೇಟು ಮಾತಾಡುವಾಗ ಮೊದಲು ಎದ್ದವನು ಸೋತ. ನನಗೋ ಐಬಿಎಸ್ ಅನ್ನುವ ಕರುಳಿನ ಕಾಟ. ಟೆಸ್ಟೆಲ್ಲ ಮಾಡಿಸಿದ ಡಾಕ್ಟರು, ಕರುಳಿನಲ್ಲಿ ಗಾಯವಿಲ್ಲ, ಗಂಟಿಲ್ಲ, ಅದರ ಸ್ವಭಾವವೇ ಹೀಗೆ, ಸಂಭಾಳಿಸಿಕೊಂಡು ಹೋಗಿ ಎಂದಿದ್ದರು. ಟೆನ್ಷನ್ ಆದರೆ ಹೊಟ್ಟೆ ಹಿಂಡುತ್ತದೆ, ಕೂಡಲೇ ಎದ್ದು ಬಾತ್‌ರೂಮಿಗೆ ಓಡಬೇಕು. ಒಂದೆರಡು ವ್ಯಾಪಾರ ಹೀಗೇ ಕೈತಪ್ಪಿದ್ದವು. ಮನೆಯಲ್ಲೂ ಹೇಳಿರಲಿಲ್ಲ. ಇನ್ನೊಂದು ಹೋದರೆ ಕಸುಬೇ ಬಿಡುವುದು ಎಂದುಕೊಂಡಿದ್ದೆ.

ಆ ಇನ್ನೊಂದು ಹುಣಸಮಾರನಹಳ್ಳಿಯಲ್ಲಿತ್ತು. ಕೊಳ್ಳುವವರು ಪಿಳ್ಳಣ್ಣ. ಮಾರುವವರ ಮನೆಯಲ್ಲಿ ಮಾತು ಬಿಗಿಯಾಗಿದ್ದಾಗಲೇ ನನ್ನ ಹೊಟ್ಟೆ ತನ್ನ ಆಟ ಶುರು ಮಾಡಿತು. ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಬೆವರುತ್ತಾ ಕೂತೆ. ಪಿಳ್ಳಣ್ಣ ನನ್ನನ್ನೇ ನೋಡಿದರು. ಆಮೇಲೆ ಮನೆಯವರ ಕಡೆ ತಿರುಗಿ, "ನನ್ನ ಒಟ್ಟೆ ಸರಿ ಇಲ್ಲ ಕಣ್ರಪ್ಪ, ಮಾತು ಸ್ವಲ್ಪ ನಿಲ್ಸಿ. ಲೇ ಮಂಜ, ನಂಗೆ ಮಂಡಿ ನೋವು. ಬಾತ್‌ರೂಮಲ್ಲಿ ಈಗ್ಲೂ ನೀರು ಬರ್ತದಾ, ನೀನೇ ಓಗಿ ನೋಡ್ಕೊಂಡ್ ಬಾ" ಎಂದರು.

ನಾನು ನೋಡಿಕೊಂಡು ಬರಲು ಸಾಕಷ್ಟು ಹೊತ್ತು ಹಿಡಿಯಿತು. ಅಷ್ಟೊತ್ತೂ ಅವರು ಮಾರುವವರ ಹಸುಗಳ ವಿಚಾರ ಮಾತಾಡುತ್ತಿದ್ದರು. ಸೈಟು ಕುದುರಿತು.

ವಾಪಸು ಬರುವಾಗ ಕಾರಿನಲ್ಲಿ ಹೇಳಿದರು: "ನಂಗೂ ಈ ಒಟ್ಟೆ ಕಾಟ ಮದುವೆಗೆ ಮುಂಚಿಂದ ಐತೆ ಕಣಪ್ಪ. ಮುಚ್ಚಿಟ್ಟಷ್ಟೂ ಇಂಡ್ತದೆ. ಬಾಗ್ಲು ಎಲ್ಲೈತೆ ಅಂತ ಗೊತ್ತಾದ್ರೆ ಒಟ್ಟೆ ಅರ್ಧ ಸುಮ್ಕಾಗ್ತದೆ. ಅದ್ಕೇ ಮೊದ್ಲು ಕೇಳೋದು."

ಅಲ್ಲಿಂದಾಚೆ ಬೆಳಿಗ್ಗೆ ಫೋನು ಬರುತ್ತಿತ್ತು: "ಏನ್ಲಾ, ನಿನ್ನ ಯಜಮಾನ ಎಂಗವ್ನೆ?" ಯಜಮಾನ ಅಂದರೆ ಹೊಟ್ಟೆ. ನನಗೆ ಹಾಲು ಆಗದು, ಅವರಿಗೆ ಹಲಸಿನಹಣ್ಣು. ಒಬ್ಬರ ಪಥ್ಯ ಇನ್ನೊಬ್ಬರಿಗೆ ಹೊಂದುವುದಿಲ್ಲ. ಓದುವವರಲ್ಲಿ ಯಾರಿಗಾದರೂ ಈ ಕಾಟವಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ. ನಾನು ಮನೆಯಲ್ಲಿ ಹೇಳಿದೆ. ಹೆಂಡತಿಗೆ ಆಗಲೇ ಗೊತ್ತಿತ್ತಂತೆ.

ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಪಿಳ್ಳಣ್ಣ ತೀರಿಕೊಂಡರು. ತಿಥಿಯ ದಿನ ಅವರ ಮನೆಯ ಹಜಾರದ ತುಂಬ ದೊಡ್ಡ ಮನುಷ್ಯರು ಕೂತಿದ್ದರು, ನನಗೆ ಬೇಕಾದ ಗಿರಾಕಿಗಳೂ ಇದ್ದರು. ಕೂರುವ ಮೊದಲೇ, ಎಲ್ಲರಿಗೂ ಕೇಳುವಷ್ಟು ಜೋರಾಗಿ, "ಅಕ್ಕಾ, ಬಾತ್‌ರೂಮ್ ಎಲ್ಲಿ?" ಎಂದೆ. ಆ ಮನೆಯಲ್ಲಿ ಅದು ನನಗೆ ಗೊತ್ತಿಲ್ಲದ ಜಾಗವೇನಲ್ಲ. ಅವರ ಹೆಂಡತಿ ಎದ್ದು ಮುಂದೆ ಹೋಗಿ ಲೈಟು ಹಾಕಿದರು. ನಲ್ಲಿ ತಿರುಗಿಸಿ ನೋಡಿದರು.

"ನೀರು ಬರ್ತಾ ಐತೆ, ಓಗಪ್ಪ" ಎಂದರು.