ಎಲ್ಲರಿಗೂ ಒಂದೇ ಬಚ್ಚಲು

ಅಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ ಅವಳನ್ನು ಖಾನಾಪುರದಿಂದ ಬೆಳಗಾವಿಗೆ, ಮಹಾಂತೇಶ ನಗರದ ನಮ್ಮ ಮನೆಗೆ ಕರೆತಂದೆ. ಕೀಮೋಗೆ ಪ್ರತಿ ಸಲ ಅಲ್ಲಿಂದ ಬಂದು ಹೋಗುವಷ್ಟು ತ್ರಾಣ ಅವಳಲ್ಲಿರಲಿಲ್ಲ. ನಮ್ಮದು ಚಿಕ್ಕ ಮನೆ. ನಾನು, ನಮ್ಮ ಮನೆಯವರು, ಅತ್ತೆ, ಈಗ ಅಕ್ಕ. ಎಲ್ಲರಿಗೂ ಒಂದೇ ಬಚ್ಚಲು, ಪಾಯಖಾನೆಯೂ ಅದರೊಳಗೇ.

ಮೊದಲ ಕೀಮೋ ಆಗಿ ವಾರ ಕಳೆಯುವುದರೊಳಗೆ ಅಕ್ಕನಿಗೆ ಭೇದಿ ಶುರುವಾಗಿ ಜ್ವರ ಏರಿತು. ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿನ ಸಿಸ್ಟರ್ ನನ್ನನ್ನು ಬಾಜುಕ್ಕೆ ಕರೆದರು.

"ಈ ಔಷಧ ರೋಗದ ಜೋಡಿ ಮೈಯಾಗಿನ ಶಕ್ತಿನೂ ತಗೀತೈತ್ರಿ. ನಿಮಗ ಏನೂ ಮಾಡಲಾರದ ಹೊಲಸು ಇವರ ಜೀವಕ್ಕ ಬರತೈತಿ. ಮನ್ಯಾಗ ಬಾತ್‌ರೂಮ್ ಎಷ್ಟ ಅದಾವು?"

"ಒಂದ ಐತ್ರಿ."

"ಹಂಗಾರ ಎಲ್ಲಾರೂ ಕೈ ತೊಳಕೊಳ್ಳೂದು ಸರಿಯಾಗಿ ಕಲೀರಿ."

ನನಗೆ ಸಿಟ್ಟು ಬಂತು. ಕೈ ತೊಳೆಯಲು ಬಾರದವರೇ ನಾವು? ಅದೇ ಸಿಟ್ಟಿನಲ್ಲಿ ಮನೆಗೆ ಬಂದು ಬಚ್ಚಲಿನ ಬಾಗಿಲು ತೆರೆದು ನಿಂತೆ. ಬಾಗಿಲ ಹಿಂದೆ ಒಂದೇ ಟವೆಲ್. ನಾವೆಲ್ಲ ಕೈ ಒರೆಸುವುದು ಅದಕ್ಕೇ. ಬಕೆಟ್ಟಿನಲ್ಲಿ ತೇಲುವ ಚೆಂಬನ್ನು ಪಾಯಖಾನೆಯಿಂದ ಎದ್ದ ಕೈಯಲ್ಲೇ ಎತ್ತಿಕೊಳ್ಳುತ್ತಿದ್ದೆವು. ತೊಳೆಯದ ಕೈ ನಲ್ಲಿ ತಿರುಗಿಸುತ್ತಿತ್ತು, ತೊಳೆದ ಮೇಲೆ ಅದೇ ನಲ್ಲಿಯನ್ನು ಅದೇ ಕೈ ಮುಚ್ಚುತ್ತಿತ್ತು. ಸೋಪು ನೀರಿನಲ್ಲಿ ಮೆತ್ತಗಾಗಿ ಡಬ್ಬಿಗೆ ಅಂಟಿಕೊಂಡಿತ್ತು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅಂದೇ ಟವೆಲ್ ತೆಗೆದೆ. ಒಬ್ಬೊಬ್ಬರಿಗೆ ಒಂದೊಂದು ಬೇರೆ ತಂದು ಬಚ್ಚಲಿನ ಹೊರಗೆ ಹಾಕಿದೆ. ಬೆಳಿಗ್ಗೆ ಎದ್ದ ಕೂಡಲೇ ನಲ್ಲಿ, ಚಿಲಕ, ನೆಲ ಎಲ್ಲ ಬ್ಲೀಚಿಂಗ್ ನೀರಿನಿಂದ ತೊಳೆಯತೊಡಗಿದೆ. ಪಾಯಖಾನೆಯಿಂದ ಬಂದವರು ಬೆರಳ ಸಂದು, ಉಗುರು, ಮುಂಗೈ ಬಿಡದಂತೆ ಸೋಪು ಹಚ್ಚಿ, ಮನಸ್ಸಿನಲ್ಲೇ ಒಂದು ವಚನ ಹೇಳಿ ಮುಗಿಸುವ ತನಕ ಉಜ್ಜಬೇಕು ಎಂದೆ.

ಅತ್ತೆಗೆ ಅದು ಹಿಡಿಸಲಿಲ್ಲ. "ದಿನಾ ಲಿಂಗಪೂಜಿ ಮಾಡೋ ಕೈ ಇವು. ಇವಕ್ಕ ಹೊಲಸು ಅಂತೀಯೇನ?"

"ನನ್ನ ಕೈಗೂ ಅದ ಮಾತ್ರಿ, ಅತ್ತಿ. ಪೂಜಿಗೆ ಮೊದಲ ತೊಳಕೊಳ್ಳೂದಿಲ್ಲೇನ್ರಿ? ಇದೂ ಹಂಗ ಅಂತ ತಿಳೀರಿ."

ಅವರು ಮಾತು ಬಿಟ್ಟರು. ಊಟಕ್ಕೆ ಕೂತರೂ ಮುಖ ಆಚೆಗೆ. ನಾನು ಬಗ್ಗಲಿಲ್ಲ, ಪಹರೆಯವಳಂತೆ ಬಚ್ಚಲಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಹಾಗೆ ನಿಲ್ಲುವುದು ನನಗೂ ಬೇಸರವೇ. ಆಸ್ಪತ್ರೆಯಿಂದ ಬಂದ ಅಕ್ಕ ಇದೆಲ್ಲ ನೋಡಿ ಕಣ್ಣೀರು ಹಾಕಿದಳು.

"ನನ್ನ ಸಲುವಾಗಿ ನಿಮ್ಮ ಮನ್ಯಾಗ ಜಗಳ ಬ್ಯಾಡವಾ. ಊರಿಗೆ ಕಳಿಸಿಬಿಡು."

"ಸುಮ್ನಿರು. ನೀ ಆರಾಮಾಗೂದಷ್ಟ ನೋಡು."

ಉದ್ಯಮಬಾಗದ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುವ ನಮ್ಮ ಮನೆಯವರು ಈ ಜಗಳದಲ್ಲಿ ಬಾಯಿ ಹಾಕಿರಲಿಲ್ಲ. ಒಂದು ಸಂಜೆ ಉದ್ದನೆಯ ಕಬ್ಬಿಣದ ಹಿಡಿಕೆಯೊಂದನ್ನು ಮಾಡಿಕೊಂಡು ಬಂದು ನಲ್ಲಿಗೆ ಕೂರಿಸಿದರು. ಇನ್ನು ಬೆರಳು ತಾಗಿಸುವ ಹಂಗಿಲ್ಲ, ಆಪರೇಶನ್ನಿಗೆ ಮೊದಲು ಡಾಕ್ಟರು ಕೈ ತೊಳೆಯುವ ನಲ್ಲಿಯಂತೆ ಮೊಣಕೈಯಿಂದ ತಳ್ಳಿದರೆ ಸಾಕು. ಅತ್ತೆ ಬಂದು ಒಮ್ಮೆ ತಳ್ಳಿ ನೋಡಿದರು. ನೀರು ಬಂತು. ಮತ್ತೊಮ್ಮೆ ತಳ್ಳಿದರು, ನಿಂತಿತು.

"ಏ, ನಾನೂ ಆಪರೇಶನ್ ಮಾಡೋ ಡಾಕ್ಟರ್ ಆದ್ನಲ್ಲೋ!" ಎಂದು ಮಗನ ಕಡೆ ನೋಡಿ ನಕ್ಕರು. ಎಷ್ಟೋ ದಿನಗಳ ಮೇಲೆ ಆ ರಾತ್ರಿ ನನ್ನ ತಾಟಿಗೆ ತಾವೇ ರೊಟ್ಟಿ ಹಾಕಿದರು.

ಚಿಕಿತ್ಸೆಯ ನಡುವೆ ಅಕ್ಕನಿಗೆ ತನ್ನ ಮನೆ ನೋಡುವ ಆಸೆಯಾಯಿತು. ಡಾಕ್ಟರು ಒಪ್ಪಿದ್ದರಿಂದ ನಾನೇ ಅವಳನ್ನು ಖಾನಾಪುರಕ್ಕೆ ಕರೆದುಕೊಂಡು ಹೋದೆ. ಪಡಸಾಲೆಯಲ್ಲಿ ಕೂತಿದ್ದೆವಷ್ಟೆ, ಪಕ್ಕದ ಮನೆಯ ಮಾವಶಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ತಮ್ಮ ಹಿತ್ತಲಿನಿಂದ ಓಡಿ ಬಂದರು. ಮರಾಠಿ ಮನೆತನದ ಹಿರಿಯರು; ಅವರ ಭಾಷೆಯಲ್ಲಿ ಮಾವಶಿ ಎಂದರೆ ಚಿಕ್ಕಮ್ಮ. ಅಕ್ಕ ಮದುವೆಯಾಗಿ ಬಂದ ದಿನದಿಂದ ಅವಳಿಗೆ ತಾಯಿಯಂತಿದ್ದವರು. ಅಕ್ಕನ ಕೆನ್ನೆ ಹಿಡಿಯಲು ಎರಡೂ ಕೈ ಚಾಚಿದರು. ತಡೆಯಲು ನಾನು ಏಳುವುದರೊಳಗೆ, ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಅನ್ನದ ಅಕ್ಕ ಹಿಂದೆ ಸರಿದಳು.

"ಮಾವಶಿ, ಅಲ್ಲೇ ನಿಂದರ್ರಿ. ಮೊದಲ ಸಾಬಾಣ ಹಚ್ಚಿ ಕೈ ತೊಳಕೊಂಡು ಬರ್ರಿ."

ಮಾವಶಿಯ ಮುಖ ಸಣ್ಣದಾಯಿತು. "ಅಗಬಾಯಿ! ನನಗ ಹೇಳತೀಯೇನ ಪೋರಿ?"

"ಹೌದ್ರಿ, ನಿಮಗ. ನಾ ಬದಕಬೇಕು ಮಾವಶಿ."

ಅಕ್ಕ ಕಣ್ಣು ತಗ್ಗಿಸಲಿಲ್ಲ. ಮಾವಶಿ ಬಚ್ಚಲಿನತ್ತ ನಡೆದರು. ನಾನು ನೀರು ಹಾಕಿದೆ. ಬೆರಳ ಸಂದು ತೋರಿಸಿದೆ. ತೊಳೆದ ಕೈಗಳಿಂದ ಬಂದು ಅಕ್ಕನ ಕೈ ಹಿಡಿದು ಅತ್ತರು. ನಾವು ಅಲ್ಲಿ ಇದ್ದಷ್ಟು ದಿನವೂ ಅಕ್ಕನನ್ನು ನೋಡಲು ಬಂದವರನ್ನೆಲ್ಲ "ಆಧೀ ಹಾತ್ ಧುವಾ" ಎಂದು ಮರಾಠಿಯಲ್ಲೇ ಗದರಿಸಿ, ಮೊದಲು ಕೈ ತೊಳೆಯಲು ಕಳಿಸಿದವರು ಅವರೇ.

ಆಮೇಲೂ ಅಕ್ಕನಿಗೆ ಒಮ್ಮೆ ಸಣ್ಣ ಜ್ವರ ಬಂತು. ಎಲ್ಲವನ್ನೂ ನಾವು ತಡೆದೆವು ಎನ್ನಲಾರೆ. ಆದರೆ ಯಾವ ಕೀಮೋವನ್ನೂ ಮುಂದೂಡಬೇಕಾಗಲಿಲ್ಲ. ಚಿಕಿತ್ಸೆ ಮುಗಿದು ಅಕ್ಕ ಈಗ ತನ್ನ ಮನೆಯಲ್ಲಿದ್ದಾಳೆ. ಕೀಮೋಗೆ ಉದುರಿದ್ದ ಕೂದಲು ಮೊದಲಿಗಿಂತ ಗುಂಗುರಾಗಿ ಬಂದಿದೆ. ಈಚೆಗೆ ತಪಾಸಣೆಗೆ ಬಂದವಳು ನನ್ನನ್ನು ಪೇಟೆಗೆ ಎಳೆದುಕೊಂಡು ಹೋಗಿ, ಅಂಗಡಿಯವನೊಡನೆ ಚೌಕಾಸಿ ಮಾಡಿ ತಲೆ ಬಾಚಲು ಒಂದು ಹಣಿಗೆ ಕೊಂಡಳು.