ಜಯಕ್ಕ ಉಜ್ಜಿದ ಕ್ಯಾನು

ಯಲ್ಲದಕೆರೆಯಲ್ಲಿ ಜಯಕ್ಕನಷ್ಟು ಶುಚಿಯಾದ ಹೆಂಗಸು ಇನ್ನೊಬ್ಬಳಿಲ್ಲ. ಇದನ್ನು ಊರಿಗೆ ತಿಳಿಸಿದವಳೂ ಜಯಕ್ಕನೇ. ಹಾಲಿನ ಪ್ಲಾಸ್ಟಿಕ್ ಕ್ಯಾನನ್ನು ಅವಳು ದಿನವೂ ತಂತಿನಾರಿನಿಂದ, ಬೀದಿಯವರಿಗೆಲ್ಲ ಕೇಳುವಂತೆ, ಕರಕರ ಉಜ್ಜುತ್ತಿದ್ದಳು. ಆಚೆಮನೆಯ ಯಶೋದಾ ತನ್ನ ಸ್ಟೀಲ್ ಕ್ಯಾನಿಗೆ ಸೋಪಿನ ಕೈಯಾಡಿಸಿ, ಕುದಿನೀರು ಸುರಿದು, ಬೋರಲು ಹಾಕಿ ಟೀವಿ ಮುಂದೆ ಕೂರುವುದನ್ನು ಕಂಡರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಸಂಜೆ ಕರೆದದ್ದೂ ಬೆಳಿಗ್ಗೆ ಕರೆದದ್ದೂ ಸೇರಿ ಇಬ್ಬರ ಹಾಲೂ ಬಸ್ಸಿನಲ್ಲಿ ಹಿರಿಯೂರಿನ ಹಜರತ್ ಅಲಿಯ ಟೀ ಅಂಗಡಿಗೆ ಹೋಗುತ್ತಿತ್ತು. ಈ ಬೇಸಗೆಯಲ್ಲಿ ಒಲೆಗಿಟ್ಟ ಕೂಡಲೇ ಒಡೆಯತೊಡಗಿದ್ದು, ದೇವರ ನ್ಯಾಯವೇ ಹಾಗೆ, ಜಯಕ್ಕನ ಹಾಲು.

"ಟೀ ಕೇಳಿದೋರಿಗೆ ಪನೀರ್ ಕೊಡಂಗಾಗೈತೆ, ಜಯಕ್ಕ," ಎಂದ ಹಜರತ್ ಅಲಿ, ಕ್ಯಾನು ಹಿಡಿದು ಅಂಗಡಿಗೆ ಬಂದವಳಿಗೆ. "ನಾಳೆನೂ ಒಡೆದ್ರೆ ಪೂರ್ತಿ ಹಾಲು ಯಶೋದಮ್ಮನ ಹತ್ರನೇ ತಗಂತೀನಿ. ಬೇಜಾರು ಮಾಡ್ಕಬೇಡ."

"ನಿನ್ನ ಪಾತ್ರೆ ನೋಡ್ಕಳಪ್ಪ ಮೊದ್ಲು. ನನ್ನ ಕ್ಯಾನಾಗೆ ದೇವರನ್ನ ಕೂರಿಸಬೋದು."

ಚಿತ್ರದುರ್ಗದ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದ ಅವನ ಮಗಳು ಮಹ್ವಿಶ್ ಮೊಬೈಲಿನ ಬೆಳಕು ಬಿಟ್ಟು ಕ್ಯಾನಿನೊಳಗೆ ಇಣುಕಿದಳು. "ದೇವರಿಗೆ ಜಾಗ ಇಲ್ಲ ಆಂಟಿ, ಆಗ್ಲೇ ಬೇರೆಯವರು ಕುಂತವ್ರೆ. ಮುಟ್ಟಿ ನೋಡ್ರಿ."

ಒಳಗೋಡೆಯ ತುಂಬ ಗೀರು; ಗೀರಿನುದ್ದಕ್ಕೂ ತೆಳ್ಳನೆಯ ಲೋಳೆ.

"ನುಣ್ಣಗಿದ್ರೆ ಬ್ಯಾಕ್ಟೀರಿಯಾ ಅಂಟಿದ್ರೂ ತೊಳೆದಾಗ ಜಾರಿ ಹೋಗ್ತವೆ. ಗೀರು ಸಿಕ್ರೆ ಒಳಗೆ ಸೇರ್ಕಂಡು, ಸುತ್ತ ಅಂಟು ಬಿಟ್ಕಂಡು ಸಂಸಾರ ಹೂಡ್ತವೆ. ಆಮೇಲೆ ಸೋಪೂ ತಾಗಲ್ಲ, ನಾರೂ ತಾಗಲ್ಲ."

"ಗೀರು ಹಾಕಿದ್ದು ಯಾರಂತೆ?"

ತಂತಿನಾರು ಹಿಡಿದು ಒಡೆದಿದ್ದ ಜಯಕ್ಕನ ಬೆರಳುಗಳನ್ನು ಮಹ್ವಿಶ್ ನೋಡಿದಳಷ್ಟೆ. ಓದಿದ ಹುಡುಗಿ, ಮರ್ಯಾದೆ ಗೊತ್ತಿತ್ತು. ಇಷ್ಟು ವರ್ಷ ಜಯಕ್ಕ ಉಜ್ಜಿ ಉಜ್ಜಿ ಕಟ್ಟಿದ್ದು ಒಂದು ಬಡಾವಣೆ. ಅದರ ನಿವಾಸಿಗಳಿಗೆ ಎರಡು ಹೊತ್ತೂ ಮನೆ ಬಾಗಿಲಿಗೇ ಹಾಲು.

ಊರಿಗೆ ಬಂದ ಜಯಕ್ಕ ಯಶೋದಾಳ ಹೊಸ್ತಿಲಲ್ಲಿ ದಾರಿ ತಪ್ಪಿದವಳಂತೆ ನಿಂತಳು.

"ಇನ್ನೊಂದು ಸ್ಟೀಲ್ ಕ್ಯಾನ್ ಐತಲ್ಲ ನಿನ್ ತಾವ... ಹಂಗೇ ಕೇಳಿದೆ."

ಯಶೋದಾ ಟೀವಿಯಿಂದ ಕಣ್ಣು ತೆಗೆಯದೆ ಅಟ್ಟ ತೋರಿಸಿದಳು. "ತಗಂಡೋಗಕ್ಕ. ಉಜ್ಜಕ್ಕೆ ಮಾತ್ರ ಹೋಗಬೇಡ."

ಜಯಕ್ಕ ಸೋಪಿನ ಕೈಯಾಡಿಸಿದಳು, ಕುದಿನೀರು ಸುರಿದಳು, ಬೋರಲು ಹಾಕಿದಳು. ಉಜ್ಜಲೆಂದು ತುರಿಸುವ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು.

ಮರುದಿನ ಹಿರಿಯೂರಿನಲ್ಲಿ ಅವಳ ಹಾಲು ಒಡೆಯದೆ ಉಕ್ಕಿ ಬಂತು. ಜಯಕ್ಕ ಗೆದ್ದ ಮುಖ ಮಾಡಲು ನೋಡಿದಳು. ಪಕ್ಕದ ಒಲೆಯಲ್ಲಿ ಯಶೋದಾಳ ಹಾಲೂ ಅಷ್ಟೇ ಚೆನ್ನಾಗಿ ಉಕ್ಕುತ್ತಿತ್ತು. ಯಾವುದು ಯಾರದೆಂದು ಹಜರತ್ ಅಲಿಗೇ ಗೊತ್ತಾಗಲಿಲ್ಲ.