ಅಲೀಮಮ್ಮ ನೋಡಲು ಹೋದ ಚೀನೀ ಹೆಂಗಸು

ಕುವೈತಿನ ಫಹಾಹೀಲ್ ಮಾರ್ಕೆಟಿನಲ್ಲಿ ಪುತ್ತಬ್ಬನದೊಂದು ಫ್ಯಾನ್ಸಿ ಅಂಗಡಿ. ಲೈಸೆನ್ಸಿನಲ್ಲಿ ಹೆಸರು ಕಫೀಲ್‌ನದು, ಅಂದರೆ ಪ್ರಾಯೋಜಕ ಅರಬಿಯದು; ಬೆವರು ಪುತ್ತಬ್ಬನದು. ಕೂದಲ ಕ್ಲಿಪ್ಪು, ಪ್ಲಾಸ್ಟಿಕ್ ಹೂವು, ಕೀಲಿ ಕೊಟ್ಟರೆ ಕುಣಿಯುವ ಕೋತಿ ಇತ್ಯಾದಿಗಳನ್ನು ತರಲು ವರ್ಷಕ್ಕೆರಡು ಸಲ ಚೀನಾದ ಗುವಾಂಗ್ಜೌಗೆ ಹೋಗಿಬರುತ್ತಿದ್ದ. ೨೦೦೫ರಲ್ಲಿ ಒಮ್ಮೆ ಅಲ್ಲಿ ಜ್ವರ ಹಿಡಿಯಿತು. ಫಹಾಹೀಲಿನ ಫ್ಲ್ಯಾಟಿನಲ್ಲಿದ್ದ ಹೆಂಡತಿ ಅಲೀಮಮ್ಮ ಫೋನಿನಲ್ಲಿ ದನಿ ಕೇಳಿಯೇ ಕಂಡುಹಿಡಿದಳು.

ಗಲ್ಫಿನ ನಮ್ಮಂಥವರು ಫೋನಿನಲ್ಲಿ ಕಲಿತಿರುವುದು ಒಂದೇ ಮಾತು: ಆರಾಮ. ಕಾಲು ಮುರಿದಿದ್ದರೂ ಆರಾಮ, ಕೆಲಸ ಹೋಗಿದ್ದರೂ ಆರಾಮ. ಪುತ್ತಬ್ಬನೂ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆಚೆಯಿಂದ ಅಳು ಕೇಳುತ್ತಿತ್ತು.

“ನೋಡಿಕೊಳ್ಳಲಿಕ್ಕೆ ಯಾರುಂಟು ಅಲ್ಲಿ?”

“ಹೊಟೇಲಿನ ಯಜಮಾನತಿ ಉಂಟಲ್ಲ. ಗಂಜಿ ಮಾಡಿ ಕೊಟ್ಟಳು, ಪಾಪ. ಸ್ವಂತ ತಂಗಿಯ ಹಾಗೆ.”

“ಗಂಜಿಗೆ ಎಂತ ಇತ್ತು?”

ಪುತ್ತಬ್ಬ ಇಂಥ ಅಡ್ಡಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. “ಉಪ್ಪಿನಕಾಯಿಯ ಹಾಗೆ ಒಂದು ಇತ್ತು. ಖಾರ ಕಡಿಮೆ.”

ಖಾರ ಕಡಿಮೆ ಎಂದದ್ದರಿಂದ ಅವಳು ಪೂರ್ತಿ ನಂಬಿದಳು. ಅಂದಿನಿಂದ ಅವಳ ದುಆದಲ್ಲಿ, ಊರಿನ ಅತ್ತೆ-ಮಾವಂದಿರ ಪಕ್ಕದಲ್ಲಿ, ಹೆಸರೇ ಇಲ್ಲದ ಒಬ್ಬ ಚೀನೀ ಹೆಂಗಸಿಗೂ ಜಾಗ ಸಿಕ್ಕಿತು. ಪ್ರತಿ ಸಲವೂ ಪುತ್ತಬ್ಬನ ಸೂಟ್‌ಕೇಸಿನಲ್ಲಿ ಆ ತಂಗಿಗೆಂದು ಖರ್ಜೂರ, ಬಾದಾಮಿ ಹೊರಡುತ್ತಿದ್ದವು. ಅವೆಲ್ಲ ಎಲ್ಲಿಗೆ ಸೇರಿದವೆಂದು ಪುತ್ತಬ್ಬನ ಹೊಟ್ಟೆಗೆ ಮಾತ್ರ ಗೊತ್ತು.

ಏಳು ವರ್ಷವಾದ ಮೇಲೆ, ಮಗಳು ಸಹಲಾಳ ಶಾಲೆಗೆ ರಜೆ ಬಂದಾಗ, ಅಲೀಮಮ್ಮ ಪಟ್ಟು ಹಿಡಿದಳು. “ದುಬೈ ಬೇಡ, ಮಲೇಷ್ಯಾ ಬೇಡ. ಆ ಹೆಂಗಸಿನ ಕೈ ಹಿಡಿದು ಒಂದು ಮಾತು ಹೇಳಬೇಕು ನನಗೆ.”

ಪುತ್ತಬ್ಬ ದೊಡ್ಡ ಹೊಟೇಲುಗಳ ಹೆಸರು ಹೇಳಿದ, ಈಜುಕೊಳದ ಆಸೆ ತೋರಿಸಿದ. ಯಾವುದೂ ನಡೆಯಲಿಲ್ಲ. ಅದೇ ಹೊಟೇಲಾಗಬೇಕಿತ್ತು.

ಹೊಟೇಲು ನೋಡಿ ಸಹಲಾ ಬಾಗಿಲಲ್ಲೇ ನಿಂತಳು. ಕಾರಿಡಾರಿನ ತುಂಬ ರಟ್ಟಿನ ಪೆಟ್ಟಿಗೆಗಳು, ಸಿಗರೇಟಿನ ವಾಸನೆ. ರೂಮಿನಲ್ಲಿ ಕರ್ಟನ್ ಇತ್ತು. ಸರಿಸಿದರೆ ಹಿಂದೆ ಬರೀ ಗೋಡೆ.

“ಅಬ್ಬಾ, ಸೀರಿಯಸ್ಲಿ? ವೇರ್ ಈಸ್ ದ ವಿಂಡೋ?”

“ಕಿಟಕಿ ಯಾಕೆ? ನಾವು ನಿದ್ದೆ ಮಾಡಲಿಕ್ಕೆ ಬಂದದ್ದಲ್ಲವಾ?”

ಅಲೀಮಮ್ಮ ರೂಮನ್ನು ನೋಡಲೇ ಇಲ್ಲ. ಬುರ್ಖಾ ಸಹ ತೆಗೆಯದೆ ಕೇಳಿದಳು: “ಅವಳೆಲ್ಲಿ?”

“ಊರಿಗೆ ಹೋಗಿರಬೇಕು.”

“ಯಾವಾಗ ಬರ್ತಾಳಂತೆ? ಕೇಳುವಾ, ಬನ್ನಿ.”

ಕೌಂಟರಿನಲ್ಲಿ ಬೋಳುತಲೆಯ ಮ್ಯಾನೇಜರ್ ನೂಡಲ್ಸ್ ತಿನ್ನುತ್ತಿದ್ದ. ಸಹಲಾ ಇಂಗ್ಲಿಷಿನಲ್ಲಿ ಯಜಮಾನತಿಯನ್ನು ವಿಚಾರಿಸಿದಳು. ಅವನು ಅಡ್ಡಡ್ಡ ತಲೆಯಾಡಿಸಿದ. ಯಜಮಾನತಿ ಇಲ್ಲ, ಅಡುಗೆಮನೆಯೂ ಇಲ್ಲ, ಹೊಟೇಲು ತೆರೆದ ದಿನದಿಂದ ಕೌಂಟರಿನಲ್ಲಿ ಇರುವವನು ತಾನೊಬ್ಬನೇ. ಆಮೇಲೆ ಪುತ್ತಬ್ಬನ ಗುರುತು ಹತ್ತಿ ಅವನ ಮುಖವರಳಿತು.

“ಬಾಸ್! ಸಿಕ್ ಬಾಸ್!”

ಮುಂದಿನದಕ್ಕೆ ಅವನ ಇಂಗ್ಲಿಷ್ ಸಾಲಲಿಲ್ಲ, ಅಭಿನಯಿಸಿಯೇ ತೋರಿಸಿದ. ಅಂಗೈ ಮೇಲೆ ಕೆನ್ನೆಯಿಟ್ಟು ಮಲಗಿದ. ಗಡಗಡ ನಡುಗಿದ. ಎದ್ದು ಹೋಗಿ ಇಲ್ಲದ ಬಾಗಿಲನ್ನು ಮುಷ್ಟಿಯಿಂದ ಬಡಿದ, ಕಿವಿಯಿಟ್ಟು ಆಲಿಸಿದ, ಮತ್ತೆ ಬಡಿದ. ಒಳಗಿನಿಂದ ಸದ್ದಿಲ್ಲ. ಕೊನೆಗೆ ನಾಲಿಗೆ ಹೊರಚಾಚಿ ಕಣ್ಣು ಮೇಲೆ ಮಾಡಿದ: ಸತ್ತೇಹೋದ ಅಂದುಕೊಂಡಿದ್ದೆ! ಎಂಬಂತೆ ಪುತ್ತಬ್ಬನ ಬೆನ್ನು ತಟ್ಟಿ ನಕ್ಕ. ಒಳ್ಳೆಯ ಮನುಷ್ಯ. ಪುತ್ತಬ್ಬನೂ ನಕ್ಕ. ನಗದಿದ್ದರೆ ಮುಖವನ್ನು ಎಲ್ಲಿಡುವುದು?

“ಉಮ್ಮಾ, ಅವನು ಸುಮ್ಮನೆ ಜೋಕ್...” ಎಂದ ಸಹಲಾ ಅರ್ಧಕ್ಕೇ ನಿಲ್ಲಿಸಿದಳು. ಆ ಅಭಿನಯಕ್ಕೆ ತರ್ಜುಮೆ ಬೇಕಿರಲಿಲ್ಲ.

ರೂಮಿಗೆ ಬಂದು ಅಲೀಮಮ್ಮ ಮಂಚದ ಅಂಚಿನಲ್ಲಿ ಕೂತಳು. ಬೈಗುಳಕ್ಕೆ ಪುತ್ತಬ್ಬ ತಯಾರಾಗಿ ನಿಂತಿದ್ದ. ಅದು ಬರಲಿಲ್ಲ.

“ಇದೇ ರೂಮಾ?”

“ಅಲ್ಲ. ಅದು ಇದಕ್ಕಿಂತ ಚಿಕ್ಕದು. ಎರಡು ಸಲ ಹೊರಳಿದರೆ ಬಾತ್‌ರೂಮಿನಲ್ಲಿ.” ತಮಾಷೆ ಯಾರಿಗೂ ತಾಗಲಿಲ್ಲ.

“ನೀರು ಯಾರು ಕೊಟ್ಟದ್ದು?”

“ಬಾಟ್ಲಿ ಇತ್ತು.”

“ಮುಗಿದಾಗ?”

ಪುತ್ತಬ್ಬ ಎ.ಸಿ.ಯ ರಿಮೋಟ್ ಹುಡುಕತೊಡಗಿದ.

“ಆ ಹೆಂಗಸು ಇದ್ದಾಳೆ ಅಂತಲೇ ಅವತ್ತು ನಾನು ನಿದ್ದೆ ಮಾಡಿದೆ,” ಎಂದಳು ಅಲೀಮಮ್ಮ. “ನೀವು ಇಲ್ಲಿ ಹೀಗಿರುವಾಗ ನಾನು ಅಲ್ಲಿ ಹೊಟ್ಟೆ ತುಂಬ ತಿಂದು ನಿದ್ದೆ ಮಾಡಿದೆ.” ಬುರ್ಖಾದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಸಹಲಾ ಬಂದು ತಂದೆಗೆ ಆತುಕೊಂಡು ನಿಂತಳು. ಹುಡುಗಿ ದೊಡ್ಡವಳಾದ ಮೇಲೆ ಹಾಗೆ ನಿಂತದ್ದು ಅದೇ ಮೊದಲು.

ಕುವೈತಿಗೆ ಮರಳಿದ ಮೇಲೆ ನೆರೆಮನೆಯ ರುಖಿಯಾ “ಚೀನಾ ಹೇಗಿತ್ತು?” ಎಂದು ಕೇಳಿದರೆ ಅಲೀಮಮ್ಮ “ಭಾರೀ ಚಂದ” ಎಂದಷ್ಟೇ ಹೇಳುತ್ತಿದ್ದಳು.

ಅಂಗಡಿ ನಡೆಯಬೇಕಲ್ಲ, ಚಳಿಗಾಲದಲ್ಲಿ ಪುತ್ತಬ್ಬ ಮತ್ತೆ ಹೋದ. ಈ ಸಲ ಬೇರೆ ಹೊಟೇಲು. ಯಮನ್‌ನವರ ಅಂಗಡಿಯಲ್ಲಿ ‘ಮಂದಿ’ ಎಂಬ ಅರಬಿ ಬಿರಿಯಾನಿ ತಿಂದು, ತೇಗಿ, ಮನೆಗೆ ವಿಡಿಯೋ ಕಾಲ್ ಮಾಡಿದ.

“ಆರಾಮ ಇದ್ದೇನೆ. ಹೊಟ್ಟೆ ಬಿರಿಯುವಷ್ಟು ಉಂಡೆ.”

“ಫೋನು ತಿರುಗಿಸಿ.”

ತಿರುಗಿಸಿದ. ಮಂಚ, ಕಿಟಕಿ, ಕಿಟಕಿಯಾಚೆ ರಸ್ತೆಯ ದೀಪ. ಅಲೀಮಮ್ಮ ಎಲ್ಲವನ್ನೂ ನೋಡಿದಳು. ಆಮೇಲೆ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

“ನಿಜ ಹೇಳಿ. ಊಟ ಮಾಡಿದಿರಾ?”

ನಿಜವಾಗಿಯೂ ಉಂಡಿದ್ದ ಪುತ್ತಬ್ಬನಿಗೆ ಅದನ್ನು ಹೇಗೆ ಹೇಳಬೇಕೆಂದು ತಿಳಿಯಲಿಲ್ಲ.